ಬೇರೆ ಒಲೆ

ಒಲೆಯನ್ನು ಎಲ್ಲಿಡುವುದು ಎನ್ನುವುದೇ ಬಗೆಹರಿಯಲಿಲ್ಲ. ಅಪ್ಪ ಅದನ್ನು ಎದೆಗವಚಿಕೊಂಡು ಪಕ್ಕದ ಕೋಣೆಯ ನಡುವೆ ನಿಂತಿದ್ದ. ಕಿಟಕಿಯ ಕೆಳಗಿಟ್ಟರೆ ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದು ಅಮ್ಮ ಅಂದಳು. ಗೋಡೆಗೆ ಒತ್ತಿ ಇಟ್ಟರೆ ಸುಣ್ಣ ಕಪ್ಪಾಗುತ್ತದೆ ಎಂದು ಅಪ್ಪ ಅಂದ.

“ಕಪ್ಪಾಗ್ಲಿ ಬಿಡಪ್ಪ,” ಎಂದಳು ಚಿಕ್ಕವಳು. “ಕಪ್ಪಾದ್ರೇನೇ ಒಳ್ಳೇದು. ದಿನಾ ಅಡುಗೆ ಆಗುತ್ತೆ ಅನ್ಸುತ್ತೆ.”

ಆಮೇಲೆ ಮೂವರೂ ದೊಡ್ಡವಳ ಕಡೆ ನೋಡಿದರು. ಒಲೆ ಅವಳದು. ಅವಳು ಹೊಸಿಲ ಮೇಲೆ ನಿಂತು ಕೈಯಲ್ಲಿದ್ದ ಪಾತ್ರೆಯ ಅಂಚನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

“ನಿಂಗೆಲ್ಲಿ ಬೇಕೋ ಬೇಗ ಹೇಳೇ, ಕೈ ಬಿದ್ದೋಗ್ತಿದೆ,” ಎಂದ ಅಪ್ಪ.

“ಎಲ್ಲಾದ್ರೂ ಇಡಪ್ಪ. ನಾನೇನು ಅದ್ರಲ್ಲಿ ಮದುವೆ ಅಡುಗೆ ಮಾಡ್ಬೇಕಾ?”

ಒಲೆ ಗೋಡೆಯ ಪಕ್ಕಕ್ಕೇ ಬಂತು. ಗುಜರಿಯಲ್ಲಿ ಕೊಂಡ ಹಳೆಯ ಸೀಮೆಎಣ್ಣೆ ಸ್ಟೌ ಅದು. ಒಂದು ಕಾಲು ಗಿಡ್ಡ. ಅಪ್ಪ ಅದರ ಕೆಳಗೆ ತನ್ನ ತುಕ್ಕು ಹಿಡಿದ ಬೀಗವೊಂದನ್ನು ತುರುಕಿ ಮಟ್ಟ ಮಾಡಿದ. ಮಾರುಕಟ್ಟೆಯ ಮೂಲೆಯಲ್ಲಿ ದೊಡ್ಡ ಕೊಡೆಯ ಕೆಳಗೆ ಕೂತು ಬೀಗ ರಿಪೇರಿ ಮಾಡುವುದು, ಕಳೆದುಹೋದ ಬೀಗದ ಕೈಗೆ ಇನ್ನೊಂದು ಮಾಡಿಕೊಡುವುದು ಅವನ ಕೆಲಸ. ಈ ಕೋಣೆಯಲ್ಲಿ ಇಷ್ಟು ದಿನ ಇದ್ದದ್ದು ಅವನ ಹಳೆಯ ಬೀಗಗಳ ರಾಶಿಯೇ. ಓಣಿಯ ಕಡೆಗೆ ಅದಕ್ಕೊಂದು ಬಾಗಿಲಿತ್ತು, ಮನೆಯ ಅಡುಗೆಕೋಣೆಯ ಕಡೆಗೆ ಇನ್ನೊಂದು.

ಚಿಕ್ಕವಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೇರೆ ಊರು, ಸರ್ಕಾರದ ಕಾಲೇಜು. “ನಮ್ಮನೇಲಿ ಒಂದು ಬೆಕ್ಕೂ ಇಲ್ಲ, ನಿಂಗೆಲ್ಲಿಂದ ಬಂತೇ ಈ ಹುಚ್ಚು,” ಎಂದು ಅಪ್ಪ ಬಂದವರೆದುರಿಗೆಲ್ಲ ಹೇಳಿಕೊಂಡು ಮೆರೆದಿದ್ದ. ಬಡವರ ಮನೆಯ ಮಕ್ಕಳ ಫೀಸನ್ನು ಸರ್ಕಾರವೇ ಕಟ್ಟುತ್ತದೆ ಎಂಬ ಧೈರ್ಯದ ಮೇಲೆಯೇ ಅವಳು ಅಷ್ಟು ವರ್ಷ ಓದಿದ್ದು. ಇಂತಿಷ್ಟು ವರಮಾನದ ಕೆಳಗಿದ್ದವರು ಬಡವರು ಎಂದು ಒಂದು ಗೆರೆ ಇತ್ತು. ಈ ವರ್ಷ ಬೊಕ್ಕಸದಲ್ಲಿ ಹಣ ಸಾಲದೆಂದು ಆ ಗೆರೆಯನ್ನು ಕೆಳಗಿಳಿಸಿದರು. ಅಪ್ಪನ ದುಡಿಮೆಯೊಂದೇ ಆಗಿದ್ದರೆ ಇವರು ಗೆರೆಯ ಕೆಳಗೆ ಎಲ್ಲೋ ಪಾತಾಳದಲ್ಲಿರುತ್ತಿದ್ದರು. ದೊಡ್ಡವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಬೇಸಿಗೆಯಲ್ಲಿ ಅವಳನ್ನು ಬಟ್ಟೆ ಮಡಚುವ ಮೇಜಿಗೆ ಮೇಲಿನವಳನ್ನಾಗಿ ಮಾಡಿ ಸಂಬಳ ಸ್ವಲ್ಪ ಏರಿಸಿದ್ದರು. ಅವತ್ತು ಅವಳು ಮನೆಗೆ ಸಿಹಿ ತಂದಿದ್ದಳು. ಆ ಏರಿಕೆಯೇ ಈಗ ಮನೆಯನ್ನು ಗೆರೆಯ ಮೇಲೆ ಒಂದು ಬೆರಳಿನಷ್ಟು ಎತ್ತಿ ಹಿಡಿದಿತ್ತು.

“ಏರಿಸಿದ್ದನ್ನ ವಾಪಸ್ ತಗೋಳಿ ಅಂತ ಕೇಳ್ದೆ,” ಎಂದು ಅವಳು ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ್ದಳು. “ಮೇನೇಜರ್ ನಕ್ಕುಬಿಟ್ರು.”

ಸಾಲಕ್ಕೆ ಬ್ಯಾಂಕಿಗೂ ಹೋಗಿ ಬಂದಾಯಿತು. ಅವರು ಆಸ್ತಿ ಕೇಳಿದರು. ಅಪ್ಪ, ಕೊಡೆ ಒಂದಿದೆ ಎಂದ.

ಕೊನೆಗೆ ದಾರಿ ತೋರಿಸಿದ್ದು ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ. ಆತ ಕೆಟ್ಟವನಲ್ಲ. ಸಾಲು ಖಾಲಿಯಾಗುವ ತನಕ ಇವರನ್ನು ಪಕ್ಕದಲ್ಲಿ ನಿಲ್ಲಿಸಿ, ಆಮೇಲೆ ದನಿ ತಗ್ಗಿಸಿ ಕೇಳಿದ. “ದೊಡ್ಡ ಮಗಳು ಬೇರೆ ಆಗಿದ್ದಾಳಾ?”

“ಬೇರೆ ಅಂದ್ರೆ?” ಎಂದಳು ಅಮ್ಮ.

“ಬೇರೆ ಅಂದ್ರೆ ಬೇರೆ. ಒಂದು ಒಲೇಲಿ ಬೆಂದದ್ದು ಉಣ್ಣೋರು ಒಂದು ಸಂಸಾರ. ಒಲೆ ಬೇರೆ ಆದ್ರೆ ಸಂಸಾರ ಬೇರೆ, ವರಮಾನಾನೂ ಬೇರೆ. ಆಗ ಇವಳ ಸಂಬಳ ನಿಮ್ಮದರಲ್ಲಿ ಸೇರಲ್ಲ. ಮನೆ ನೋಡೋಕೆ ಬರ್ತಾರೆ, ಅಷ್ಟೆ.” ಅವನು ಕಿಟಕಿಯ ಬಾಗಿಲನ್ನು ಅರ್ಧ ಎಳೆದುಕೊಂಡ. “ನಾನೇನೂ ಹೇಳಿಲ್ಲ.”

ಮನೆಗೆ ಬರುವಾಗ ಓಣಿಯ ತಿರುವಿನಲ್ಲಿ ಅಮ್ಮ, “ಬೇರೆ ಅನ್ನೋ ಮಾತು ನಮ್ಮನೇಲಿ ಯಾರ ಬಾಯಲ್ಲೂ ಬಂದಿರ್ಲಿಲ್ಲ,” ಎಂದಳು. ದೊಡ್ಡವಳೇ, “ಒಲೆ ತಾನೇ ಅಮ್ಮ, ತಂದಿಟ್ರಾಯ್ತು,” ಎಂದಳು.

ಕೋಣೆ ಸಿದ್ಧವಾಯಿತು. ಒಂದು ಚಾಪೆ, ಒಂದು ಹಾಸಿಗೆ, ಹಗ್ಗದ ಮೇಲೆ ಅವಳ ಬಟ್ಟೆ. ಒಂದು ತಟ್ಟೆ, ಒಂದು ಲೋಟ, ಒಂದು ಸೌಟು. ಹಲಗೆಯ ಮೇಲೆ ಅಕ್ಕಿಯ ಡಬ್ಬ, ಬೇಳೆಯ ಡಬ್ಬ, ಮೆಣಸಿನಪುಡಿ, ಎಣ್ಣೆ. ಅಡುಗೆಕೋಣೆಗೂ ಅದಕ್ಕೂ ನಡುವೆ ಇದ್ದ ಬಾಗಿಲಿಗೆ ಅಪ್ಪ ಬೀಗ ಕೂರಿಸಿದ. ಊರಿನವರ ಬಾಗಿಲಿಗೆಲ್ಲ ಹಾಡು ಗುನುಗಿಕೊಂಡು ಬೀಗ ಕೂರಿಸುವವನು ಇದಕ್ಕೆ ಮೊಳೆ ಹೊಡೆಯುವಾಗ ಎರಡು ಸಲ ಬೆರಳಿಗೆ ಹೊಡೆದುಕೊಂಡ. ಬೀಗದ ಕೈ ಅಮ್ಮನ ಕಡೆಯ ಗೋಡೆಯ ಮೊಳೆಗೆ ಹೋಯಿತು.

ಗೋಡೆ ಕಪ್ಪಾಗಬೇಕಾದರೆ ಒಲೆ ಉರಿಯಬೇಕು. ಆದ್ದರಿಂದ ದೊಡ್ಡವಳು ನಿಜವಾಗಿಯೇ ಅಡುಗೆಗೆ ನಿಂತಳು. ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದಾಗಿನಿಂದ ಅವಳು ಬೇಯಿಸಿದ್ದನ್ನು ಉಂಡವಳೇ ಹೊರತು ಬೇಯಿಸಿದವಳಲ್ಲ. ಮೊದಲ ದಿನ ಅನ್ನ ತಳ ಹಿಡಿಯಿತು. ಬಾಗಿಲ ಆಚೆಯಿಂದ ಅಮ್ಮ ಮೂಗಿನಲ್ಲೇ ಅಡುಗೆ ಕಲಿಸಿದಳು.

“ಉರಿ ಸಣ್ಣ ಮಾಡೇ. ವಾಸನೆ ಬರ್ತಿದೆ.”

“ಮಾಡ್ದೆ.”

“ಉಪ್ಪು ಹಾಕಿದ್ಯಾ?”

“ಇಲ್ಲಮ್ಮ.”

ಬೀಗ ತೆರೆಯುವ ಸದ್ದು. ಬಾಗಿಲು ಒಂದು ಗೇಣು ಸರಿದು ಅಮ್ಮನ ಕೈ ಬರುತ್ತಿತ್ತು, ಹಸ್ತದ ಗುಳಿಯಲ್ಲಿ ಉಪ್ಪು. ದೊಡ್ಡವಳಿಗೆ ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ಅಮ್ಮನಿಗೆ ಕೈಯೇ ಅಳತೆ. ದಿನವೂ ಹೀಗೇ ನಡೆಯಿತು.

ಬರುವವರು ಏನು ಕೇಳಬಹುದು ಎಂದು ಚಿಕ್ಕವಳು ಅಪ್ಪನ ಕನ್ನಡಕ ಹಾಕಿಕೊಂಡು ಎಲ್ಲರನ್ನೂ ತಯಾರು ಮಾಡಿದಳು.

“ಬಾಡಿಗೆ ಯಾರಿಗೆ ಕೊಡ್ತೀರಾ?”

“ಅಪ್ಪಂಗೆ,” ಎಂದಳು ದೊಡ್ಡವಳು.

“ಅಯ್ಯೋ ದಡ್ಡಿ. ಅಪ್ಪಂಗೆ ಕೊಟ್ರೆ ಅದೂ ಅಪ್ಪನ ವರಮಾನವೇ. ಮನೆ ಮಾಲೀಕರಿಗೆ ಕೊಡ್ತೀನಿ ಅನ್ನು.” ಕನ್ನಡಕ ಮೂಗಿನ ತುದಿಗೆ ಜಾರಿತು. “ನನ್ನ ಕೇಳಿದ್ರೆ ನಾನು ನಿನ್ನ ‘ಅವರು’ ಅಂತೀನಿ. ‘ಅವಳು’ ಅಂದ್ರೆ ಒಂದೇ ಮನೆ ಅಂತ ಗೊತ್ತಾಗ್ಬಿಡುತ್ತೆ.”

“ಅಂತೂ ಈ ಮನೇಲಿ ನಂಗೂ ಮರ್ಯಾದೆ ಸಿಕ್ತು ಅನ್ನು,” ಎಂದಳು ದೊಡ್ಡವಳು.

ಅಪ್ಪ ಕೆಮ್ಮು ಬರುವಷ್ಟು ನಕ್ಕ. ಅಮ್ಮನೂ ನಕ್ಕಳು. ನಾಲ್ವರೂ ಒಟ್ಟಿಗೆ ಹಾಗೆ ನಕ್ಕದ್ದು ಆ ಕೋಣೆಯಲ್ಲಿ ಅದೇ ಕೊನೆ.

ತನಿಖೆಗೆ ಬಂದದ್ದು ಒಬ್ಬ ಹೆಂಗಸು. ಬಿಸಿಲಲ್ಲಿ ನಡೆದು ನಡೆದು ಅವಳ ಪಾದಗಳು ಊದಿಕೊಂಡಿದ್ದವು. ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. ಅಮ್ಮ ಮಣೆ ಕೊಟ್ಟರೂ ಕೂರಲಿಲ್ಲ. ಮೊದಲು ಅಮ್ಮನ ಅಡುಗೆಕೋಣೆ ನೋಡಿದಳು. ಬೀಗ ಹಾಕಿದ ಬಾಗಿಲನ್ನು ಒಮ್ಮೆ ತಳ್ಳಿ ನೋಡಿದಳು. ಆಮೇಲೆ ಓಣಿಯಿಂದ ಸುತ್ತಿ ಬಂದು ಪಕ್ಕದ ಕೋಣೆಯ ಹೊಸಿಲು ದಾಟಿದಳು. ಮೂವರೂ ಅವಳ ಹಿಂದೆ ಬಂದರು. ದೊಡ್ಡವಳು ಪಾಳಿಗೆ ಹೊರಡಲು ಸಿದ್ಧಳಾಗಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

ಹೆಂಗಸು ಒಲೆಯ ಮೇಲೆ ಕೈ ಹಿಡಿದು ಬಿಸಿ ನೋಡಿದಳು. ಗೋಡೆಯ ಮಸಿಯನ್ನು ಬೆರಳಿನಿಂದ ಒರೆಸಿ ನೋಡಿದಳು. ಪಾತ್ರೆಯ ಮುಚ್ಚಳ ಎತ್ತಿದಳು. ಬೆಳಗಿನ ಅನ್ನ ಅರ್ಧ ಉಳಿದಿತ್ತು. ಅವಳ ಮುಖ ಸಡಿಲವಾಯಿತು, ಇನ್ನು ಹೊರಡುತ್ತಾಳೆ ಅನ್ನಿಸಿತು. ಹೋಗುವ ಮೊದಲು, ಮನೆವಾರ್ತೆ ಮಾಡುವ ಯಾವ ಹೆಂಗಸಾದರೂ ಮಾಡುವ ಹಾಗೆ, ಹಲಗೆಯ ಮೇಲಿನ ಡಬ್ಬಗಳನ್ನು ಒಂದೊಂದೇ ತೆರೆದು ಮುಚ್ಚಿದಳು. ಅಕ್ಕಿ. ಬೇಳೆ. ಮೆಣಸಿನಪುಡಿ. ಎಣ್ಣೆ. ಕೈ ಹಲಗೆಯ ಕೊನೆಗೆ ಹೋಗಿ ನಿಂತಿತು. ಚಾಪೆಯ ಹಿಂದೆ, ಒಲೆಯ ಪಕ್ಕ, ಕಿಟಕಿಯ ಮೇಲೆ ಕಣ್ಣಾಡಿಸಿದಳು.

“ಉಪ್ಪೆಲ್ಲಿ?”

ಚಿಕ್ಕವಳು ಹಲಗೆಯ ಕಡೆ ನೋಡಿದಳು.

“ಉಪ್ಪಿಲ್ದೆ ಉಣ್ತೀಯೇನಮ್ಮ?”

ದೊಡ್ಡವಳು ಅಮ್ಮನನ್ನು ನೋಡಿದಳು. ಅಮ್ಮನ ಬಾಯಿ ತೆರೆದಿತ್ತು. ಅವಳ ಬಲಗೈ ಸ್ವಲ್ಪ ಮೇಲೆದ್ದು, ಹಸ್ತ ಗುಳಿಯಾಗಿತ್ತು. ನಾನು ಕೊಡ್ತೀನಿ ಎಂಬ ಮಾತು ತುಟಿಯ ತನಕ ಬಂದಿರುವುದು ಕಾಣುತ್ತಿತ್ತು. ಆ ಮಾತು ಹೊರಬಿದ್ದರೆ ಒಲೆ ಒಂದೇ ಆಗುತ್ತಿತ್ತು, ಸೀಟು ಹೋಗುತ್ತಿತ್ತು.

“ಮುಗಿದಿರುತ್ತೆ ಮೇಡಂ,” ಎಂದಳು ಚಿಕ್ಕವಳು. “ನಮ್ಮನ್ನ ಕೇಳಲ್ಲ ಅವರು. ಮಾತಿಲ್ಲ.”

“ಮಾತಿಲ್ವಾ? ಯಾಕೆ?”

“ಅವರಿಗೆ ಸಂಬಳ ಜಾಸ್ತಿ ಆಯ್ತು. ಆಮೇಲೆ ಬೇರೆ ಆದ್ರು. ಮನೆಗೆ ಒಂದು ಪೈಸೆ ಕೊಡಲ್ಲ.” ಅವಳು ಉಸಿರು ತೆಗೆದುಕೊಂಡಳು. “ನಾನು ಓದೋದು ಅವರಿಗೆ ಇಷ್ಟ ಇಲ್ಲ.”

ಇದು ಯಾವುದೂ ಕನ್ನಡಕ ಹಾಕಿಕೊಂಡು ಕಲಿಸಿದ ಪಾಠದಲ್ಲಿ ಇರಲಿಲ್ಲ. ದನಿ ನಡುಗಲಿಲ್ಲ. ದೊಡ್ಡವಳು ತಂಗಿಯ ಮುಖವನ್ನೇ ನೋಡುತ್ತಿದ್ದಳು. ಮೊದಲಿನ ಮಾತುಗಳೆಲ್ಲ ಭಯದಲ್ಲಿ ಹುಟ್ಟಿದವು ಎಂದು ಅವಳಿಗೆ ಗೊತ್ತಾಯಿತು. ಕೊನೆಯದು ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ಓದುವವಳಿಗೆ ಬೆಳಕು ಕಣ್ಣಿಗೆ ಬೀಳದ ಹಾಗೆ ದೀಪಕ್ಕೆ ರಟ್ಟು ಕಟ್ಟಿದ್ದು ತಾನು. ತನ್ನ ಮುಖ ಅಂಥ ಯಾವುದೋ ಒಂದು ಹೊತ್ತಿನಲ್ಲಿ ತಂಗಿಗೆ ಹೇಗೆ ಕಂಡಿತ್ತೋ ಏನೋ.

“ನಿಜಾನಾ?” ತನಿಖೆಯ ಹೆಂಗಸು ಅವಳ ಕಡೆ ತಿರುಗಿದಳು. ಇಸ್ತ್ರಿಯ ಮಡಿಕೆಗಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ಹೌದು.”

“ಇದೇ ಗೋಡೆ ಆಚೆ ಹೆತ್ತವರು.”

“ಹೌದು.”

“ಒಂದು ಹಿಡಿ ಅಕ್ಕೀನೂ ಕೊಡಲ್ವಾ?”

ದೊಡ್ಡವಳು ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತಳು. “ನನಗೇ ಸಾಲಲ್ಲ,” ಎಂದಳು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒತ್ತಿದರೂ ಅಳು ನಿಲ್ಲಲಿಲ್ಲ. ತನಿಖೆಯ ಹೆಂಗಸು ಅವಳ ಭುಜದ ಮೇಲೆ ಕೈಯಿಟ್ಟಳು. “ಅಳಬೇಡಿ ಅಮ್ಮ. ಒಬ್ಬಳು ಹೀಗಾದ್ರೇನು, ಇನ್ನೊಬ್ಬಳಿದ್ದಾಳಲ್ಲ. ಓದಿ ಇವಳು ನೋಡ್ಕೋತಾಳೆ.” ಚೀಲದಿಂದ ಪೆನ್ನು ತೆಗೆದು, ಬಾಗಿಲ ಪಟ್ಟಿಯ ಮೇಲೆ ಕಾಗದವಿಟ್ಟುಕೊಂಡು ಬರೆದಳು. “ಪ್ರತಿ ವರ್ಷ ಬರ್ತೀವಿ. ಹೇಳಿ ಬರಲ್ಲ.”

ಅವಳ ಚಪ್ಪಲಿಯ ಸದ್ದು ಓಣಿಯ ತಿರುವು ದಾಟುವ ತನಕ ಯಾರೂ ಕದಲಲಿಲ್ಲ. ಆಮೇಲೆ ಅಪ್ಪ ಏನಾದರೂ ಹೇಳಬೇಕೆಂದು, “ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳ್ತಾರಾ,” ಎಂದು ಶುರು ಮಾಡಿದ. ಗಾದೆಯ ಉಳಿದರ್ಧ ಬಾಯಿಗೆ ಬಂದಿರಬೇಕು, ಅಲ್ಲಿಗೇ ನಿಲ್ಲಿಸಿ ಒಲೆಯ ಕೆಳಗಿನ ಬೀಗವನ್ನು ಕಾಲಿನಿಂದ ಸರಿಮಾಡಿದ. ದೊಡ್ಡವಳು ಚೀಲ ಎತ್ತಿಕೊಂಡು ಪಾಳಿಗೆ ಹೊರಟಳು.

ಎದುರುಮನೆಯಾಕೆ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮಗನಿಗೂ ಈ ವರ್ಷ ಸರ್ಕಾರದ ಫೀಸು ತಪ್ಪಿತ್ತು. ಅವಳಿಗೆ ನಿಜ ಹೇಳುವ ಹಾಗಿರಲಿಲ್ಲ. ವಾರ ಕಳೆಯುವುದರೊಳಗೆ ಮಾತು ಲಾಂಡ್ರಿಯ ತನಕ ಬಂತು.

ಅಲ್ಲಿ ಹಾಸಿಗೆಯ ಬಟ್ಟೆ ಮಡಚುವುದಕ್ಕೆ ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ದೂರ ನಿಲ್ಲಬೇಕು, ಎಳೆದು ಕೊಡವಬೇಕು, ಆಮೇಲೆ ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು ಕೆಳಗಿನ ಮಡಿಕೆ ಹಿಡಿಯಬೇಕು. ದೊಡ್ಡವಳ ಎದುರು ನಿಲ್ಲುತ್ತಿದ್ದವಳನ್ನು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದರು. ಬಾಯಿ ಮುಚ್ಚಿ ಗೊತ್ತಿಲ್ಲದವಳು.

“ಬೇರೆ ಆದ್ಯಂತೆ. ನಂಗೊಂದು ಮಾತು ಹೇಳ್ಬಾರ್ದಾ?” ಎಂದಳು ಗಿಣಿ, ಮೂಲೆ ಕೊಡುತ್ತ.

“ಹೇಳೋದೇನಿದೆ.”

“ಮೇಜಿಗೆ ಮೇಲಿನವಳಾದ ಕೂಡ್ಲೇ ರೆಕ್ಕೆ ಬಂತು ಅಂತ ಆಡ್ಕೋತಿದ್ದಾರೆ. ನಾನು ಅಂದೆ, ಅವಳು ಅಂಥೋಳಲ್ಲ ಅಂತ.” ಗಿಣಿ ಕಾದಳು. “ಅಲ್ಲ ತಾನೇ?”

“ಆ ಕಡೆ ಜೋಲು ಬಿದ್ದಿದೆ, ಎಳಿ,” ಎಂದಳು ದೊಡ್ಡವಳು.

ಗಿಣಿ ಎಳೆದಳು. ಆ ರಾಶಿ ಮುಗಿಯುವ ತನಕ ಅವಳೂ ಬಾಯಿ ತೆರೆಯಲಿಲ್ಲ. ಮಾರನೇ ದಿನ ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದುಕೊಂಡು ಬೇರೆ ಮೇಜಿನವರ ಜೊತೆ ಕೂತಿದ್ದಳು.

ಫೀಸು ಮಂಜೂರಾಯಿತು. ಚಿಕ್ಕವಳು ಹೊರಡುವ ಹಿಂದಿನ ದಿನ ಓಣಿಯಿಂದ ಸುತ್ತಿ ಬಂದು ಕೋಣೆಯ ಹೊಸಿಲ ಮೇಲೆ ನಿಂತಳು. ಹಗಲು ನಡುವಿನ ಬಾಗಿಲು ತೆರೆಯುತ್ತಿರಲಿಲ್ಲ. ಯಾರು ಯಾವಾಗ ಇಣುಕುತ್ತಾರೋ ಹೇಳಲಾಗದು. ದೊಡ್ಡವಳು ಹಾಸ್ಟೆಲಿಗೆಂದು ಹೊಸ ಹಾಸಿಗೆ ಬಟ್ಟೆ ಕೊಂಡು ಒಗೆದಿಟ್ಟಿದ್ದಳು. ಎರಡು ಮೂಲೆ ತಂಗಿಯ ಕೈಗೆ ಕೊಟ್ಟಳು. ಚಿಕ್ಕಂದಿನಿಂದ ಇಬ್ಬರೂ ಮಡಚಿದವರೇ. ಈಗ ಕೋಣೆ ಸಾಲದೆ ಚಿಕ್ಕವಳ ಬೆನ್ನು ಒಲೆಗೆ ತಾಗಿತು.

“ಅಕ್ಕ, ಅವತ್ತು ನಾನು…”

“ಮೂಲೆ ಸರಿ ಹಿಡಿ.”

“ಬೇಕಂತ ಹೇಳಿದ್ದಲ್ಲ.”

“ಗೊತ್ತು. ಸೀಟು ಉಳೀತಲ್ಲ, ಬಿಡು.”

ಚಿಕ್ಕವಳು ನಡೆದು ಬಂದು ಮೂಲೆಗಳನ್ನು ಅಕ್ಕನ ಕೈಗಿಟ್ಟಳು. ಕೈ ಬಿಡಲಿಲ್ಲ. “ಓದು ಮುಗಿದ ದಿನ ಈ ಒಲೇನ ನಾನೇ ಎತ್ತಿ ಬೀದಿಗೆ ಬಿಸಾಕ್ತೀನಿ, ನೋಡ್ತಿರು.”

“ಮೊದ್ಲು ದನಕ್ಕೆ ಸೂಜಿ ಚುಚ್ಚೋದು ಕಲಿ. ಒದ್ದಾವು.” ದೊಡ್ಡವಳು ಮಡಿಕೆಯನ್ನು ಅಂಗೈಯಿಂದ ತಟ್ಟಿ ಸಮ ಮಾಡಿದಳು. ಓದೋದು ಇಷ್ಟ ಇಲ್ಲ ಎಂಬ ಆ ಮಾತು ಎಲ್ಲಿಂದ ಬಂತೆಂದು ಕೇಳಬೇಕೆಂದುಕೊಂಡಿದ್ದಳು. ತಂಗಿಯ ಕಣ್ಣು ಆಗಲೇ ತುಂಬಿತ್ತು. ಕೇಳಲಿಲ್ಲ.

ಬೆಳಿಗ್ಗೆ ಬಸ್ಸಿನ ತನಕ ಹೋದದ್ದು ಅಪ್ಪ ಅಮ್ಮ. ಎದುರುಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ದೊಡ್ಡವಳು ತನ್ನ ಕೋಣೆಯ ಬಾಗಿಲಲ್ಲಿ, ಬಾಡಿಗೆಯವರು ನಿಲ್ಲುವ ಹಾಗೆ, ಅರ್ಧ ಒಳಗೆ ಅರ್ಧ ಹೊರಗೆ ನಿಂತಳು. ಪೆಟ್ಟಿಗೆ ಹೊತ್ತ ಚಿಕ್ಕವಳು ಹಾದುಹೋಗುತ್ತ, ಪಕ್ಕದ ಮನೆಯವರಿಗೆ ಮಾಡುವಷ್ಟು ತಲೆಯಾಡಿಸಿದಳು.

ಭಾನುವಾರಗಳಲ್ಲಿ ಅವಳ ಫೋನು ಬರುತ್ತಿತ್ತು. ಅಮ್ಮ ಅದನ್ನು ದೊಡ್ಡ ದನಿಗೆ ಹಾಕಿ, ನಡುವಿನ ಬಾಗಿಲ ಹತ್ತಿರದ ಮಣೆಯ ಮೇಲೆ ಇಡುತ್ತಿದ್ದಳು. ದೊಡ್ಡವಳು ಈಚೆ ಕೂತು ಕೇಳುತ್ತಿದ್ದಳು. ಹಸುವಿಗೆ ಹೊಟ್ಟೆ ನಾಲ್ಕು ಕೋಣೆಯದಂತೆ. ಕುದುರೆ ನಿಂತೇ ನಿದ್ದೆ ಮಾಡುತ್ತದಂತೆ. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದ ಹುಡುಗಿಯರಲ್ಲೂ ಕೆಲವರಿಗೆ ಫೀಸು ತಪ್ಪಿತ್ತು, ಅವರೆದುರಿಗೆ ಅಕ್ಕ ಎನ್ನುವ ಹಾಗಿರಲಿಲ್ಲ. “ಅವರು ಹೇಗಿದ್ದಾರೆ?” ಎಂದು ಅವಳು ಕೇಳುವಾಗ ಒಳಗೊಳಗೇ ಅದುಮಿಟ್ಟ ನಗು ಕೇಳಿಸುತ್ತಿತ್ತು. ಈಚೆ ದೊಡ್ಡವಳೂ ನಗುತ್ತಿದ್ದಳು. ದಿನ ಕಳೆದ ಹಾಗೆ ಆ ನಗು ಸಣ್ಣದಾಯಿತು. ಆಮೇಲೆ ಇಲ್ಲವಾಯಿತು. ‘ಅವರು’ ಉಳಿಯಿತು.

ಈ ಭಾನುವಾರ ರಾತ್ರಿ ಫೋನಿನಲ್ಲಿ ಹೆಚ್ಚು ಮಾತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆಯಂತೆ. ಅಪ್ಪನ ಕೆಮ್ಮನ್ನು ಕೇಳಿದಳು, ಅಮ್ಮನ ಮಂಡಿಯನ್ನು ಕೇಳಿದಳು, ಇಡ್ತೀನಮ್ಮ ಎಂದಳು. ಬಾಗಿಲ ಆಚೆ ಅಮ್ಮ ಫೋನನ್ನು ಇನ್ನೂ ಸ್ವಲ್ಪ ಹೊತ್ತು ಮಣೆಯ ಮೇಲೇ ಬಿಟ್ಟಳು.

ದೊಡ್ಡವಳು ಎದ್ದು ಒಲೆ ಹಚ್ಚಿದಳು. ಒಬ್ಬಳಿಗೆ ಬೇಕಾಗುವಷ್ಟು ಬೇಳೆ ಈಗ ಅವಳ ಕೈಗೆ ತಾನಾಗಿ ಬರುತ್ತಿತ್ತು. ಗೋಡೆಯ ಮಸಿ ಅವಳ ತಲೆಯ ಎತ್ತರಕ್ಕೆ ಏರಿತ್ತು. ಹಲಗೆಯ ಮೇಲೆ ಎಣ್ಣೆಯ ಪಕ್ಕದಲ್ಲಿ ಉಪ್ಪಿನ ಡಬ್ಬ ಇತ್ತು. ತನಿಖೆಯ ದಿನವೇ ಅಮ್ಮ ತುಂಬಿಸಿ ತಂದಿಟ್ಟದ್ದು. ಅದರಿಂದ ಒಂದು ಚಿಟಿಕೆ ಹಾಕಿ ಕಲಕಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು. ಸರಿಯಾಗಿತ್ತು.

ಬಾಗಿಲ ಆಚೆ ಪಾತ್ರೆಯ ಸದ್ದು ನಿಂತಿತು.

“ಉಪ್ಪು ಹಾಕಿದ್ಯಾ?”

ದೊಡ್ಡವಳು ಉಪ್ಪಿನ ಡಬ್ಬದ ಮುಚ್ಚಳವನ್ನು ಒತ್ತಿ ಮುಚ್ಚಿದಳು.

“ಇಲ್ಲಮ್ಮ. ಮರೆತೆ.”

ಮೊಳೆಯಿಂದ ಬೀಗದ ಕೈ ತೆಗೆದ ಸದ್ದಾಯಿತು. ಬಾಗಿಲು ಒಂದು ಗೇಣು ಸರಿಯಿತು. ಅಮ್ಮನ ಕೈ ಬಂತು, ಹಸ್ತದ ಗುಳಿಯಲ್ಲಿ ಉಪ್ಪು. ದೊಡ್ಡವಳು ತನ್ನ ಕೈಯನ್ನು ಅದರ ಕೆಳಗೆ ಹಿಡಿದಳು. ಉಪ್ಪು ಪೂರ್ತಿ ಬಿದ್ದ ಮೇಲೂ ಅಮ್ಮನ ಕೈ ಅಲ್ಲೇ ಇತ್ತು.

ಬಾಗಿಲು ಮುಚ್ಚಿದ ಮೇಲೆ ಅವಳು ಅಷ್ಟನ್ನೂ ಪಾತ್ರೆಗೆ ಹಾಕಿ ಕಲಕಿದಳು. ತಟ್ಟೆಯ ಅನ್ನಕ್ಕೆ ಬಡಿಸಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ನಡುನಡುವೆ ನೀರು ಕುಡಿಯುತ್ತ, ಒಂದಗುಳೂ ಬಿಡದೆ ಉಂಡಳು.